ಜ್ಯೂಸಕ್ಕ, ಸೂಜಿಯಕ್ಕ

ನಮ್ಮ ಬೀದಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಸಾಕು, ಸಂಜೆಯೊಳಗೆ ಆ ಮನೆ ತುಂಬ ಜನ. ಬಂದವರ ಕೈಯಲ್ಲೊಂದು ಹಣ್ಣಿನ ಚೀಲ, ಬಾಯಲ್ಲೊಂದು ಔಷಧಿ. ಒಬ್ಬರು ನೀರು ಜಾಸ್ತಿ ಕುಡಿ ಅನ್ನುತ್ತಾರೆ, ಇನ್ನೊಬ್ಬರು ಮಾತ್ರೆ ಬಿಟ್ಟು ಸೊಪ್ಪು ತಿನ್ನು ಅನ್ನುತ್ತಾರೆ, ಮತ್ತೊಬ್ಬರು ತಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು ಅಂತ ಶುರು ಮಾಡಿ ಚಿಕ್ಕಪ್ಪ ತೀರಿಕೊಂಡಲ್ಲಿಗೆ ಕಥೆ ಮುಗಿಸುತ್ತಾರೆ. ರೋಗಿ ಪಾಪ, ಎಲ್ಲದಕ್ಕೂ ಹೂಂಗುಟ್ಟುತ್ತಾನೆ. ನಿಮ್ಮ ಬೀದಿಯಲ್ಲೂ ಹೀಗೇ ಇರಬೇಕು. ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಲ್ಲ, ಪ್ರೀತಿಯಿಂದಲೇ ಮಾಡುವುದು. ತೊಂದರೆ ಇರುವುದೂ ಅಲ್ಲೇ. ಹೇಗೆ ಅಂತ ತಿಳಿಯಬೇಕಾದರೆ ನಮ್ಮ ದರ್ಜಿಯಣ್ಣನ ಕಥೆ ಕೇಳಿ.

ಬೀದಿಯ ಮೂಲೆಯಲ್ಲಿ ಅವನ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಮೇಜು, ಮೇಜಿನ ಕೆಳಗೆ ಎಲ್ಲರ ಮನೆಯ ಬಟ್ಟೆಯ ಚೂರು. ಬಟ್ಟೆ ಯಾವಾಗ ಕೊಡ್ತೀಯ ಅಂತ ಕೇಳಿದರೆ 'ನಾಳೆ' ಅನ್ನುವುದೊಂದೇ ಅವನು ಹೇಳುವ ಸುಳ್ಳು. ಮಿಕ್ಕಂತೆ ಚಿನ್ನದಂಥ ಮನುಷ್ಯ. ಕೆಲವು ವರ್ಷಗಳ ಹಿಂದೆ ಅವನ ಎರಡೂ ಕಿಡ್ನಿಗಳು ಕೈ ಕೊಟ್ಟವು. ಅಂದಿನಿಂದ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾನೆ. ರಕ್ತವನ್ನು ಸೋಸಿ, ಮೈಯಲ್ಲಿ ಹೆಚ್ಚಾದ ನೀರನ್ನು ತೆಗೆಯುವ ಕಿಡ್ನಿಯ ಕೆಲಸವನ್ನು ಅಲ್ಲಿ ಯಂತ್ರ ಮಾಡುತ್ತದೆ. ಅದಕ್ಕಾಗಿ ಅವನ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಜೋಡಿಸಿ ಒಂದು ದಾರಿ ಮಾಡಿದ್ದಾರೆ. ಅದನ್ನು ಫಿಸ್ಟುಲಾ ಅನ್ನುತ್ತಾರೆ. ಅಲ್ಲಿ ಮೆಲ್ಲಗೆ ಬೆರಳಿಟ್ಟರೆ ಒಳಗೆ ಝುಂ ಅನ್ನುತ್ತದೆ. "ನೋಡಿ, ಕೈಯೊಳಗೇ ಒಂದು ಹೊಲಿಗೆ ಮಿಷನ್ ಇಟ್ಕೊಂಡಿದ್ದೀನಿ" ಅಂತ ಅವನು ಗಿರಾಕಿಗಳ ಹತ್ತಿರ ಜಂಬ ಕೊಚ್ಚುತ್ತಿದ್ದ.

ಡಯಾಲಿಸಿಸ್ ವಾರ್ಡಿನ ನರ್ಸ್ ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರು. ಆದರೆ ಮೊದಲ ದಿನ ಅವರ ಕೈಯಲ್ಲಿದ್ದ ದಪ್ಪ ಸೂಜಿ ನೋಡಿ "ಅಕ್ಕಾ, ಸ್ವಲ್ಪ ನಿಧಾನ" ಅಂದ ಬಾಯಿ ಆಮೇಲೆ ಬೇರೆ ಹೆಸರು ಹಿಡಿಯಲಿಲ್ಲ. ದಿನವಿಡೀ ಸೂಜಿ ಹಿಡಿಯುವವನು ಸೂಜಿಗೆ ಹೆದರುವುದೇ ಅಂತ ಅವರು ನಕ್ಕುಬಿಟ್ಟರು. ಅಂದಿನಿಂದ ಅವನಿಗೂ ಅವನ ಹೆಂಡತಿಗೂ ಆ ನರ್ಸ್ 'ಅಕ್ಕ'.

ಇನ್ನು ಒಡಹುಟ್ಟಿದ ಅಕ್ಕ. ಅವಳದು ಬಸ್ ನಿಲ್ದಾಣದ ಎದುರಿಗೆ ಜ್ಯೂಸ್ ಅಂಗಡಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ಥರದ ಜನ, ಜ್ಯೂಸ್ ಕುಡಿದವರು ಮತ್ತು ಜ್ಯೂಸ್ ಕುಡಿಯಬೇಕಾದವರು.

ಹೀಗಿರುವಾಗ ದರ್ಜಿಯಣ್ಣನಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳತೊಡಗಿತು. ಪರೀಕ್ಷೆ ಮಾಡಿದ ಡಾಕ್ಟರು, ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಮುಚ್ಚಿಕೊಳ್ಳುತ್ತಿವೆ, ಎದೆ ತೆರೆದು ಆಪರೇಷನ್ ಮಾಡಬೇಕು ಅಂದರು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಕ್ಕ ಅಂಗಡಿ ಮುಚ್ಚಿ ತಮ್ಮನ ಮನೆಗೆ ಬಂದಳು.

"ಕಿಡ್ನಿ ಹೋದವನ ಎದೆನೂ ಕುಯ್ತಾರಾ? ಇದೇನು ಹಳೇ ಪ್ಯಾಂಟಾ, ಬಿಚ್ಚಿ ಮತ್ತೆ ಹೊಲಿಯೋಕೆ?"

"ಮಾಡ್ತಾರಂತೆ. ಅಕ್ಕನೇ ಹೇಳಿದ್ರು" ಅಂದಳು ದರ್ಜಿಯಣ್ಣನ ಹೆಂಡತಿ.

"ನಾನೆಲ್ಲೇ ಹೇಳಿದೆ?"

"ನೀವಲ್ಲ ಅಕ್ಕ. ಆಸ್ಪತ್ರೆ ಅಕ್ಕ."

"ಓಹೋ, ನಾನಿರೋವಾಗ ಇನ್ನೊಬ್ಬಳು ಅಕ್ಕ ಬೇರೆ ಹುಟ್ಕೊಂಡಿದ್ದಾಳಾ?"

ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ತಮ್ಮನ ಮುಂದಿನ ಡಯಾಲಿಸಿಸ್ ದಿನ ತಾನೂ ವಾರ್ಡಿಗೆ ಹೋದಳು. ತಮ್ಮ ಮಂಚದ ಮೇಲೆ ಮಲಗಿದ್ದ, ಪಕ್ಕದಲ್ಲಿ ಯಂತ್ರ ತಿರುಗುತ್ತಿತ್ತು. ನರ್ಸ್ ಕುರ್ಚಿ ತಂದು ಹಾಕಿದರು.

"ಕೂತ್ಕೊಳ್ಳಿ ಅಮ್ಮ."

"ಕೂರಲ್ಲ. ನನ್ನ ತಮ್ಮ ಬದುಕ್ತಾನಾ, ಅದನ್ನ ಹೇಳಿ."

ನರ್ಸ್ ಸುಳ್ಳು ಸಮಾಧಾನ ಹೇಳಲಿಲ್ಲ. "ಕಿಡ್ನಿ ಚೆನ್ನಾಗಿರೋರಿಗಿಂತ ಇವರಿಗೆ ಅಪಾಯ ಜಾಸ್ತಿನೇ. ಆದ್ರೆ ಆ ನಾಳಗಳನ್ನ ಹಾಗೇ ಬಿಟ್ಟರೂ ಅಪಾಯನೇ. ಎರಡನ್ನೂ ತೂಗಿ ನೋಡಿನೇ ಡಾಕ್ಟರು ಆಪರೇಷನ್ ಅಂದಿರೋದು. ಡಯಾಲಿಸಿಸ್‌ನಲ್ಲಿ ಇರೋರೂ ಈ ಆಪರೇಷನ್ ಮಾಡಿಸ್ಕೊಂಡು ಮನೆಗೆ ಹೋಗ್ತಾರೆ. ಆಪರೇಷನ್ ಡಾಕ್ಟರ ಕೆಲಸ. ಅದರ ಹಿಂದೆ ಮುಂದೆ ನೋಡ್ಕೊಳ್ಳೋದು ನನ್ನ ಕೆಲಸ, ನಿಮ್ಮ ಕೆಲಸ."

"ನನ್ನ ಕೆಲಸ ಏನು? ಚೆನ್ನಾಗಿ ಜ್ಯೂಸ್ ಕುಡಿಸಿ ಶಕ್ತಿ ಬರಿಸ್ತೀನಿ."

"ಅದೊಂದು ಬೇಡ ಅಮ್ಮ. ಹಣ್ಣು, ಜ್ಯೂಸ್‌ನಲ್ಲಿ ಪೊಟ್ಯಾಸಿಯಂ ಅಂತ ಒಂದು ಲವಣ ಇರುತ್ತೆ. ನಮ್ಮ ನಿಮ್ಮ ಕಿಡ್ನಿ ಹೆಚ್ಚಾದದ್ದನ್ನ ಹೊರಗೆ ಹಾಕುತ್ತೆ. ಇವರ ಕಿಡ್ನಿ ಹಾಕಲ್ಲ. ಅದು ರಕ್ತದಲ್ಲೇ ಉಳಿದುಬಿಟ್ಟರೆ ಹೃದಯದ ಬಡಿತ ಏರುಪೇರಾಗುತ್ತೆ, ನಿಂತೂ ಹೋಗಬಹುದು. ಅದಕ್ಕೇ ಆಪರೇಷನ್ ಹಿಂದಿನ ದಿನ ಡಯಾಲಿಸಿಸ್ ಮಾಡಿ, ರಕ್ತ ಪರೀಕ್ಷೆ ಮಾಡಿ, ಎಲ್ಲ ಸರಿ ಇದ್ರೆ ಮಾತ್ರ ಒಳಗೆ ಕರ್ಕೊಂಡು ಹೋಗೋದು. ಊಟದಲ್ಲಿ ಉಪ್ಪೂ ಕಮ್ಮಿ ಇರಲಿ."

ಉಪ್ಪಿನ ಮಾತು ಅವಳಿಗೆ ಒಪ್ಪಿಗೆಯಾಯಿತು. ಜ್ಯೂಸಿನ ಮಾತಿಗೆ ಮುಖ ಗಂಟು ಹಾಕಿಕೊಂಡಳು. "ಇಷ್ಟು ವರ್ಷ ಅಂಗಡಿ ನಡೆಸಿದ್ದೀನಿ. ಜ್ಯೂಸ್ ಕುಡಿದು ಯಾರಿಗಾದ್ರೂ ಏನಾದ್ರೂ ಆಗಿದ್ದನ್ನ ನಾನಂತೂ ಕಾಣೆ" ಅಂತ ಮೂಗು ಮುರಿದು ಹೊರಟಳು. ಮಾರನೆಯ ದಿನವೇ ಒಂದು ಹೊಸ ಉಪ್ಪಿನ ಡಬ್ಬಿ ತಂದು ತಮ್ಮನ ಅಡುಗೆಮನೆಯಲ್ಲಿಟ್ಟಳು. ಡಬ್ಬಿಯ ಮೇಲೆ ಕೆಂಪು ಹೃದಯದ ಚಿತ್ರವಿತ್ತು. "ನೋಡೇ, ಹೃದಯಕ್ಕೆ ಒಳ್ಳೇದು ಅಂತ ಡಬ್ಬಿ ಮೇಲೇ ಹಾಕಿದ್ದಾರೆ. ಇನ್ಮೇಲೆ ಇದನ್ನೇ ಹಾಕು" ಅಂದಳು. ಹೆಂಡತಿಗೂ ಸರಿಯೆನ್ನಿಸಿತು. ನಿಮಗೂ ನನಗೂ ಸರಿಯೆಂದೇ ಅನ್ನಿಸುತ್ತಿತ್ತು.

ಆಪರೇಷನ್ನಿನ ಹಿಂದಿನ ದಿನ ದರ್ಜಿಯಣ್ಣ ಆಸ್ಪತ್ರೆ ಸೇರಿದ. ಬೆಳಿಗ್ಗೆ ಡಯಾಲಿಸಿಸ್ ಆಯಿತು. ಮಧ್ಯಾಹ್ನ ಮನೆಯಿಂದ ಬಂದ ಊಟ ಮಾಡಿ ಕೂತಿದ್ದ. ಆಗ ವಾರ್ಡಿನ ಆಯಾ ಒಂದು ಉದ್ದನೆಯ ಫ್ಲಾಸ್ಕ್ ತಂದು ಹೆಂಡತಿಯ ಕೈಗಿಟ್ಟಳು.

"ಅಕ್ಕ ಕಳಿಸಿದ್ದಾರೆ. ಪೂರ್ತಿ ಕುಡೀಬೇಕಂತೆ."

ಮುಚ್ಚಳ ತೆರೆದರೆ ಕಿತ್ತಳೆಯ ಘಮ. ಕಿತ್ತಳೆ, ಬಾಳೆ ಎರಡೂ ಸೇರಿಸಿದ ಗಟ್ಟಿ ಜ್ಯೂಸು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಜ್ಯೂಸ್ ಬೇಡ ಅಂದಿದ್ರಲ್ಲ?"

"ಬೇಡ ಅಂದ ಅಕ್ಕನೇ ಕಳಿಸಿದ್ದಾರೆ ಅಂದ್ಮೇಲೆ ಆಪರೇಷನ್‌ಗೆ ಮುಂಚೆ ಒಂದು ಸಲ ಕುಡೀಬೇಕೇನೋ" ಅಂದ ದರ್ಜಿಯಣ್ಣ. ಡಯಾಲಿಸಿಸ್ ಶುರುವಾದಾಗಿನಿಂದ ಜ್ಯೂಸಿನ ಮುಖ ನೋಡದವನು. ಕಣ್ಣು ಮುಚ್ಚಿಕೊಂಡು, ಒಂದು ಹನಿಯೂ ಬಿಡದೆ ಕುಡಿದ.

ಸಂಜೆ ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಪೊಟ್ಯಾಸಿಯಂ ಮೇಲಕ್ಕೇರಿತ್ತು. ಡಾಕ್ಟರು ನಾಳೆಯ ಆಪರೇಷನ್ ನಿಲ್ಲಿಸಿ, ಬಡಿತ ಏರುಪೇರಾಗದಂತೆ ಇಂಜೆಕ್ಷನ್ ಕೊಡಿಸಿ, ಎದೆಗೆ ಬಡಿತ ನೋಡುವ ತಂತಿಗಳನ್ನು ಅಂಟಿಸಲು ಹೇಳಿದರು. ಹೆಂಡತಿಗೆ ಜೀವ ಬಾಯಿಗೆ ಬಂತು. ಡ್ಯೂಟಿ ಮುಗಿಸಿ ಹೊರಟಿದ್ದ ಡಯಾಲಿಸಿಸ್ ನರ್ಸ್ ವಿಷಯ ತಿಳಿದು ಓಡಿಬಂದರು.

"ಬೆಳಿಗ್ಗೆ ತಾನೇ ಡಯಾಲಿಸಿಸ್ ಮಾಡಿದ್ದೀನಿ. ಇಷ್ಟು ಏರೋ ಹಾಗೇ ಇಲ್ಲ. ಏನು ತಿಂದ್ರಿ, ಏನು ಕುಡಿದ್ರಿ?"

"ಊಟ ಮಾಡಿದ್ವಿ. ಆಮೇಲೆ ನೀವು ಕಳಿಸಿದ್ದನ್ನೇ ಕುಡಿದದ್ದು."

"ನಾನೇನು ಕಳಿಸಿದೆ?"

"ಜ್ಯೂಸು. ಅಕ್ಕ ಕಳಿಸಿದ್ದಾರೆ ಅಂತ ಆಯಾ ತಂದ್ಕೊಟ್ಟರಲ್ಲ."

"ಯಾವ ಅಕ್ಕ?"

ಈ ಒಂದು ಪ್ರಶ್ನೆಯನ್ನು ಮಧ್ಯಾಹ್ನವೇ ಯಾರಾದರೂ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಒಡಹುಟ್ಟಿದ ಅಕ್ಕ ಕಾಣಿಸಿಕೊಂಡಳು. ಖಾಲಿ ಫ್ಲಾಸ್ಕ್ ಒಯ್ಯಲು ಬಂದಿದ್ದಳು. ಮುಖದ ತುಂಬ ನಗು.

"ಪೂರ್ತಿ ಕುಡಿದ್ನಾ?"

ನರ್ಸ್ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡೆದದ್ದನ್ನು ಹೇಳಿದರು. ದನಿ ಏರಿಸಲಿಲ್ಲ. ಆದರೆ ಅವರ ತಲೆಯಲ್ಲಿ ಇನ್ನೊಂದು ಹುಳ ಕೊರೆಯುತ್ತಿತ್ತು. ಒಂದು ಫ್ಲಾಸ್ಕ್ ಜ್ಯೂಸಿನಿಂದಲೇ ಇಷ್ಟಾಯಿತೇ? ಮನೆ ಊಟದಲ್ಲಿ ಹೊಸದೇನಾದರೂ ಇದೆಯೇ ಅಂತ ಕೇಳಿದಾಗ ಉಪ್ಪಿನ ಡಬ್ಬಿಯ ಮಾತು ಬಂತು. ಊಟದ ಬುಟ್ಟಿಯಲ್ಲೇ ಇದ್ದ ಡಬ್ಬಿಯನ್ನು ತಿರುಗಿಸಿ, ಹಿಂಬದಿಯ ಸಣ್ಣಕ್ಷರವನ್ನು ಓದಿದರು.

"ಸಿಕ್ಕಿಬಿತ್ತು ಕಳ್ಳ" ಅಂದರು. "ಇದು ಸೋಡಿಯಂ ಕಮ್ಮಿ ಮಾಡಿರೋ ಉಪ್ಪು. ಅದನ್ನ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ತುಂಬಿದ್ದಾರೆ. ಬೇರೆಯವರಿಗೆ ಒಳ್ಳೇದಿರಬಹುದು. ಕಿಡ್ನಿ ಹೋದವರಿಗೆ ಇದು ದಿನಾ ದಿನಾ ಊಟದ ಜೊತೆ ಅಪಾಯ ಬಡಿಸಿದ ಹಾಗೆ. ಉಪ್ಪು ಕಮ್ಮಿ ಅಂದ್ರೆ ಮಾಮೂಲಿ ಉಪ್ಪನ್ನೇ ಕಮ್ಮಿ ಹಾಕಿ ಅಂತ. ನಾನೂ ಬಿಡಿಸಿ ಹೇಳಬೇಕಿತ್ತು."

ಅಕ್ಕನ ಕೈಯಿಂದ ಫ್ಲಾಸ್ಕ್ ಜಾರಿತು. "ನಾನೇ ಎತ್ತಿ ಆಡಿಸಿದ ಮಗು ಕಣಮ್ಮ ಇವನು. ನಾನೇ ವಿಷ ಹಾಕ್ದೆನಾ?" ಅಂತ ಸೆರಗಿಗೆ ಮುಖ ಒತ್ತಿಕೊಂಡಳು. ಅವಳು ಅತ್ತದ್ದನ್ನು ತಮ್ಮ ಅದುವರೆಗೆ ನೋಡಿರಲಿಲ್ಲ.

"ವಿಷ ಅಲ್ಲ, ಪ್ರೀತಿ ಹಾಕಿದ್ರಿ" ಅಂದರು ನರ್ಸ್. "ಸ್ವಲ್ಪ ಪೊಟ್ಯಾಸಿಯಂ ಜಾಸ್ತಿ ಇರೋ ಪ್ರೀತಿ. ಈಗಲೇ ಇನ್ನೊಂದು ಡಯಾಲಿಸಿಸ್ ಮಾಡಿ ಇಳಿಸ್ತೀವಿ. ಆದ್ರೆ ಒಂದು ಮಾತು. ಇನ್ಮೇಲೆ ಈ ಮನೇಲಿ ಬರೀ ಅಕ್ಕ ಅನ್ನೋ ಹಾಗಿಲ್ಲ. ಇವರು ಜ್ಯೂಸಕ್ಕ, ನಾನು ಸೂಜಿಯಕ್ಕ."

ಅಳುತ್ತಿದ್ದವಳಿಗೂ ನಗು ಬಂತು. ದರ್ಜಿಯಣ್ಣನಂತೂ ಹೆಂಡತಿ ತಡೆಯುವವರೆಗೂ ನಕ್ಕ.

ಸೂಜಿಯಕ್ಕ ಅಂದು ಮನೆಗೆ ಹೋಗಲಿಲ್ಲ. ಮರುದಿನದ ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿತ್ತು. ಅದರ ಮಾರನೆಯ ಬೆಳಿಗ್ಗೆ ಆಪರೇಷನ್. ಜ್ಯೂಸಕ್ಕ ಬೆಳಗಿನಿಂದ ಬೆಂಚಿನ ತುದಿಯಲ್ಲಿ ಕೂತು, ಒಳಗಿನಿಂದ ಯಾರು ಬಂದರೂ ಎದ್ದು ನಿಂತಳು. ಕಡೆಗೆ ಡಾಕ್ಟರು ಬಂದು, ಚೆನ್ನಾಗಾಯಿತು, ಇನ್ನು ಒಳಗೆ ಬ್ರದರ್ ನೋಡಿಕೊಳ್ಳುತ್ತಾರೆ ಅಂದರು.

"ಬ್ರದರ್ ನೋಡ್ಕೊಳ್ಳೋದೇನು? ಮಲಗಿರೋನೇ ನನ್ನ ಬ್ರದರ್ರು" ಅಂದಳು ಜ್ಯೂಸಕ್ಕ.

ಬ್ರದರ್ ಅಂದರೆ ಐಸಿಯುವಿನ ಗಂಡು ನರ್ಸ್. ಮಿತಭಾಷಿ, ಆದರೆ ಕಣ್ಣು ಮಾತ್ರ ಚುರುಕು. ಮಂಚದ ತಲೆಭಾಗದಲ್ಲಿ 'ಎಡಗೈ ಮುಟ್ಟಬೇಡಿ' ಅಂತ ದೊಡ್ಡದಾಗಿ ಬರೆದು ಅಂಟಿಸಿದ್ದರು. ಬಿಪಿ ನೋಡುವುದು, ರಕ್ತ ತೆಗೆಯುವುದು, ಡ್ರಿಪ್ ಹಾಕುವುದು, ಯಾವುದಕ್ಕೂ ಆ ಕೈಯನ್ನು ಬಳಸಲಿಲ್ಲ. ಆಪರೇಷನ್ ಆದ ಮೇಲೆ ಬಿಪಿ ಇಳಿದರೆ ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹಾಗಾಗಿ ಆಗಾಗ ಅಲ್ಲಿ ಬೆರಳಿಟ್ಟು ನೋಡುತ್ತಿದ್ದರು. ಕೈ ತೊಳೆಯದೆ ಯಾರನ್ನೂ ಒಳಗೆ ಬಿಡಲಿಲ್ಲ. ಕಿಡ್ನಿ ರೋಗಿಗಳಿಗೆ ಸೋಂಕು ಬೇಗ ತಗಲುತ್ತದೆ. ಜ್ಯೂಸಕ್ಕನನ್ನಂತೂ ಬೆರಳ ಸಂದಿ ಸಂದಿ ತೊಳೆಯಿಸಿಯೇ ಒಳಗೆ ಕರೆದರು.

"ಅಮ್ಮ, ಇಲ್ಲಿ ಮೆಲ್ಲಗೆ ಬೆರಳಿಡಿ. ಏನಾದ್ರೂ ಗೊತ್ತಾಗುತ್ತಾ?"

ಅವಳು ಬೆರಳಿಟ್ಟಳು. ಝುಂ ಅನ್ನುತ್ತಿತ್ತು. "ಮಿಷನ್ ಓಡ್ತಾ ಇದೆ" ಅಂದಳು, ಕಣ್ಣೊರೆಸಿಕೊಳ್ಳುತ್ತಾ.

"ಮನೆಗೆ ಹೋದ್ಮೇಲೂ ದಿನಾ ನೋಡಬೇಕು. ಓಡೋದು ನಿಂತ್ರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಬನ್ನಿ."

ಕಷ್ಟದ ಪರೀಕ್ಷೆ ಬಂದದ್ದು ಮಾರನೆಯ ದಿನ. ದರ್ಜಿಯಣ್ಣನಿಗೆ ಎಚ್ಚರ ಚೆನ್ನಾಗಿ ಬಂದಿತ್ತು. ಉಸಿರಿನ ಕೊಳವೆ ತೆಗೆದಿದ್ದರು. ಬಾಯಿ ಒಣಗಿ ಅಂಟು ಅಂಟಾಗಿತ್ತು. ಕಿಡ್ನಿ ಕೆಲಸ ಮಾಡದ ಮೈಯಲ್ಲಿ ಕುಡಿದ ನೀರು ಹೊರಗೆ ಹೋಗುವುದಿಲ್ಲ. ಶ್ವಾಸಕೋಶಕ್ಕೆ ಇಳಿಯುತ್ತದೆ, ಈಗಷ್ಟೇ ರಿಪೇರಿಯಾದ ಹೃದಯದ ಮೇಲೆ ಭಾರ ಹಾಕುತ್ತದೆ. ಅದಕ್ಕೇ ಬ್ರದರ್ ಪುಟ್ಟ ಅಳತೆ ಲೋಟದಲ್ಲಿ ಅಳೆದು ಕೊಡುತ್ತಿದ್ದರು. ಆ ಹೊತ್ತಿನ ಪಾಲು ಮುಗಿದಿತ್ತು. ಅಷ್ಟರಲ್ಲಿ ಜ್ಯೂಸಕ್ಕ ಒಳಗೆ ಬಂದಳು.

"ಅಕ್ಕಾ" ಅಂದ ತಮ್ಮ. ದನಿ ಮಗುವಿನದಾಗಿತ್ತು. "ಒಂದು ಗುಟುಕು ನೀರು. ಇವರು ಕೊಡ್ತಾ ಇಲ್ಲ. ನೀನಾದ್ರೂ ಕೊಡು."

ಪಕ್ಕದ ಮೇಜಿನ ಮೇಲೆ ನೀರಿನ ಬಾಟಲಿ ಇತ್ತು. ಬ್ರದರ್ ಆಚೆ ಮಂಚದ ಹತ್ತಿರ ಇದ್ದರು, ಅವರ ಬೆನ್ನು ಈ ಕಡೆಗಿತ್ತು. ದಾರಿಹೋಕರನ್ನು ಕೂಗಿ ಕರೆದು ಬಾಯಾರಿಕೆ ತಣಿಸಿದವಳು ಜ್ಯೂಸಕ್ಕ. ಬಸ್ಸಿಳಿದವರಿಗೆ ಕಾಸಿಲ್ಲದಿದ್ದರೂ ಲೋಟ ಚಾಚಿದವಳು. ಅವಳ ಕೈ ಬಾಟಲಿಯವರೆಗೂ ಹೋಯಿತು. ಅಲ್ಲಿಂದ ಹಿಂದಕ್ಕೆ ಬಂತು.

"ಇಲ್ಲ ಕಣೋ" ಅಂದಳು.

"ನೀನು ನಮ್ಮಕ್ಕನೇ ಅಲ್ಲ."

"ಹೂಂ, ಅಲ್ಲ. ಬ್ರದರ್, ಇವನ ಬಾಯಿ ಒಣಗಿದೆ, ಏನು ಮಾಡಲಿ ಹೇಳಿ."

ಬ್ರದರ್ ನೆನೆಸಿ ಹಿಂಡಿದ ಹತ್ತಿ ಬಟ್ಟೆ ಕೊಟ್ಟರು. ಅವಳು ತಮ್ಮನ ತುಟಿ ಒರೆಸಿದಳು, ನಾಲಗೆ ಒರೆಸಿದಳು, ಮತ್ತೆ ತುಟಿ ಒರೆಸಿದಳು. ಹೊರಗೆ ಬಂದು, ವಿಚಾರಿಸಲು ಬಂದಿದ್ದ ಸೂಜಿಯಕ್ಕನ ಹೆಗಲಿಗೆ ತಲೆಯಿಟ್ಟು, "ಇಷ್ಟು ಕಷ್ಟದ ಕೆಲಸ ನಾನು ಯಾವತ್ತೂ ಮಾಡಿಲ್ಲ ಕಣಮ್ಮ. ನೀವು ದಿನಾ ಹೇಗೆ ಮಾಡ್ತೀರಿ?" ಅಂದಳು.

"ನಮಗೂ ಅಭ್ಯಾಸ ಆಗಿಲ್ಲ" ಅಂದರು ಸೂಜಿಯಕ್ಕ.

ಆಮೇಲಿನದೆಲ್ಲ ಸಂತೋಷದ ಸಮಾಚಾರ. ಮತ್ತೆ ಡಯಾಲಿಸಿಸ್ ಶುರುವಾಯಿತು. ಎದೆಯ ಗಾಯದಿಂದ ರಕ್ತ ಸೋರಬಾರದೆಂದು ಮೊದಮೊದಲು ರಕ್ತ ತೆಳುವಾಗಿಸುವ ಔಷಧಿ ಇಲ್ಲದೆ, ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಂತೆ ಒಬ್ಬರು ಪಕ್ಕದಲ್ಲೇ ನಿಂತು ನೋಡಿಕೊಂಡು ಮಾಡಿದರು. ಕೆಮ್ಮು ಬಂದಾಗ ಎದೆಗೆ ದಿಂಬು ಅಪ್ಪಿಕೊಂಡು ಕೆಮ್ಮುವುದನ್ನು ಕಲಿಸಿದರು. ದರ್ಜಿಯಣ್ಣ ಕನ್ನಡಿ ತರಿಸಿಕೊಂಡು ತನ್ನ ಎದೆಯ ಮೇಲಿನ ಹೊಲಿಗೆಯನ್ನು ಮೇಲಿಂದ ಕೆಳಗೆ ನೋಡಿ, "ಪರವಾಗಿಲ್ಲ, ಕೈ ಪಳಗಿದೆ" ಅಂತ ಡಾಕ್ಟರಿಗೆ ಸರ್ಟಿಫಿಕೇಟ್ ಕೊಟ್ಟ. ಡಾಕ್ಟರು ಆ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರಂತೆ.

ಮನೆಗೆ ಬಂದ ದಿನ ಇಡೀ ಬೀದಿ ನೋಡಲು ಬಂತು. ಬಾಗಿಲಲ್ಲಿ ಜ್ಯೂಸಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಹಣ್ಣಿನ ಚೀಲಗಳನ್ನೆಲ್ಲ ಅಲ್ಲೇ ಇಳಿಸಿಕೊಂಡಳು, ಎಲ್ಲರ ಕೈ ತೊಳೆಸಿದಳು, ಚಿಕ್ಕಪ್ಪನ ಕಥೆ ತೆಗೆದವರನ್ನು ವಾಪಸ್ ಕಳಿಸಿದಳು. ಒಳಗೆ ದರ್ಜಿಯಣ್ಣ ಹಳೆಯ ಚಾಳಿಯಂತೆ ಅಳತೆ ಟೇಪನ್ನು ಎಡಗೈಗೆ ಬಿಗಿಯಾಗಿ ಸುತ್ತಿಕೊಂಡದ್ದು ಕಂಡಿತು. ಆ ಕೈಗೆ ವಾಚೂ ಬೇಡ, ದಾರವೂ ಬೇಡ ಅಂತ ಒಂದು ಕೂಗು ಹಾಕಿದ್ದು ನಮ್ಮ ಮನೆಗೆ ಕೇಳಿಸಿತು. ದಿನ ಬೆಳಗಾದರೆ ತಮ್ಮನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದೂ ಅವಳೇ. ತೂಕ ದಿಢೀರನೆ ಏರಿದರೆ ಮೈಯಲ್ಲಿ ನೀರು ನಿಂತಿದೆ ಅಂತ ಅರ್ಥ, ಕೂಡಲೇ ಸೂಜಿಯಕ್ಕನಿಗೆ ಫೋನು. ಕೆಲವು ತಿಂಗಳು ಕಳೆದು ಡಾಕ್ಟರು ಸರಿ ಅಂದ ಮೇಲೆ ದರ್ಜಿಯಣ್ಣ ಅಂಗಡಿ ತೆರೆದ. ಬಟ್ಟೆ ಯಾವಾಗ ಕೊಡ್ತೀಯ ಅಂದರೆ ಈಗಲೂ ನಾಳೆಯೇ.

ಜ್ಯೂಸಕ್ಕನ ಅಂಗಡಿಯೂ ಚೆನ್ನಾಗಿ ನಡೆಯುತ್ತಿದೆ. ಆದರೆ ಆಸ್ಪತ್ರೆಗೆ ಒಯ್ಯಬೇಕು, ಕಟ್ಟಿಕೊಡಿ ಅಂತ ಯಾರಾದರೂ ಅಂದರೆ ಮೊದಲು ಅವಳಿಂದ ವಿಚಾರಣೆ. ಯಾರಿಗೆ, ಕಿಡ್ನಿ ಹೇಗಿದೆ, ನರ್ಸನ್ನು ಕೇಳಿದ್ದೀರಾ. ಕೇಳಿಲ್ಲ ಅಂದರೆ ಜ್ಯೂಸ್ ಇಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇರಬಹುದು. ಅವರಿಗೆ ಹೃದಯದ ಆಪರೇಷನ್ ಬೇಕಾಗಿ ಬಂದರೆ ಹೆದರಿ ಮನೆಯಲ್ಲಿ ಕೂರಬೇಡಿ, ಡಾಕ್ಟರ ಹತ್ತಿರ ಕೂತು ಮಾತಾಡಿ. ಯಾವ ಆಸ್ಪತ್ರೆಗೆ ಹೋದರೂ ಮೊದಲು ಡಯಾಲಿಸಿಸ್ ವಿಷಯ ಹೇಳಿ, ಫಿಸ್ಟುಲಾ ಇರುವ ಕೈ ತೋರಿಸಿ. ಹೃದಯಕ್ಕೆ ಒಳ್ಳೆಯದು ಅಂದದ್ದೆಲ್ಲ ಕಿಡ್ನಿಗೆ ಒಳ್ಳೆಯದಲ್ಲ. ಹೊಸ ಉಪ್ಪು, ಜ್ಯೂಸು, ಅಂಗಡಿಯ ನೋವಿನ ಮಾತ್ರೆ, ಯಾವುದೇ ಆಗಲಿ, ನರ್ಸನ್ನೋ ಡಾಕ್ಟರನ್ನೋ ಕೇಳದೆ ಕೊಡಬೇಡಿ. ನೀರನ್ನು ಅವರು ಹೇಳಿದಷ್ಟೇ ಅಳೆದು ಕೊಡಿ.

ಕೊಡದಿದ್ದರೆ ನಿಮ್ಮವರು ಕೋಪಿಸಿಕೊಳ್ಳುತ್ತಾರೆ, ನಿಜ. ಅದಕ್ಕೆ ಜ್ಯೂಸಕ್ಕ ತನ್ನ ಗಿರಾಕಿಗಳಿಗೆ ಹೇಳುವ ಮಾತನ್ನೇ ನಿಮಗೂ ಹೇಳುತ್ತೇವೆ: "ಬೈದ್ರೆ ಬೈಸ್ಕೊಳ್ಳಿ. ನನ್ನ ತಮ್ಮ ಆಸ್ಪತ್ರೇಲಿ ಇದ್ದಷ್ಟು ದಿನ ನನ್ನನ್ನ ಬೈದ. ಬೈಯೋಕೆ ಅವನು ಬದುಕಿದ್ನಲ್ಲ, ನನಗೆ ಅಷ್ಟು ಸಾಕು."